ಭತ್ತದ ಗದ್ದೆಗೆ ಕೃಷಿ ತರಬೇತಿ: ಕರಾವಳಿಯ ರೈತರು ಎಲ್ಲಿ ಕಲಿಯಬೇಕು, ಏನು ಕೇಳಬೇಕು, ಲಾಭವನ್ನು ಹೇಗೆ ಅಳೆಯಬೇಕು

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಭತ್ತ ಬೆಳೆಗಾರರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಕೃಷಿ ಇಲಾಖೆಯವರು, ಕೃಷಿ ವಿಜ್ಞಾನ ಕೇಂದ್ರದವರು ನಡೆಸುವ ತರಬೇತಿಗಳಿಗೆ ಹೋದರೆ ನಿಜವಾಗಿಯೂ ಕೈಯಲ್ಲಿ ಏನಾದರೂ ಉಳಿಯುತ್ತದೆಯೇ, ಉಳಿಯುವುದಾದರೆ ಎಲ್ಲಿಗೆ, ಯಾವಾಗ, ಏನನ್ನು ತಯಾರು ಮಾಡಿಕೊಂಡು ಹೋಗಬೇಕು ಎಂಬುದೇ ಆ ಪ್ರಶ್ನೆ. ಉಳಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅದಕ್ಕೆ ಎರಡು ಷರತ್ತುಗಳಿವೆ. ನಿಮ್ಮ ಗದ್ದೆಯ ಲೆಕ್ಕವನ್ನೂ ಒಂದು ಸ್ಪಷ್ಟ ಪ್ರಶ್ನೆಯನ್ನೂ ಇಟ್ಟುಕೊಂಡು ತರಬೇತಿಗೆ ಹೋಗಬೇಕು. ಕಲಿತದ್ದನ್ನು ಮೊದಲ ವರ್ಷ ಒಂದೇ ಗದ್ದೆಯಲ್ಲಿ ಮಾಡಿ, ಪಕ್ಕದ ಗದ್ದೆಯೊಂದಿಗೆ ತೂಗಿ ನೋಡಬೇಕು. ಇವೆರಡೂ ಇಲ್ಲದೆ ಹೋದವರು ಸಾಮಾನ್ಯವಾಗಿ ಊಟ ಮಾಡಿ, ಪ್ರಮಾಣಪತ್ರ ಹಿಡಿದು ಹಿಂತಿರುಗುತ್ತಾರೆ. ಈ ಲೇಖನದಲ್ಲಿ ಆ ಕ್ರಮವನ್ನು ಹಂತ ಹಂತವಾಗಿ ವಿವರಿಸಿದ್ದೇನೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಒಂದು ನೋಟ್ ಪುಸ್ತಕ, ಒಂದು ಅಳತೆ ಪಟ್ಟಿ, ತೂಕದ ತಕ್ಕಡಿ, ಜಮೀನಿನ ಪಹಣಿ, ಆಧಾರ್ ಕಾರ್ಡ್ ಮತ್ತು ಬ್ಯಾಂಕ್ ಪಾಸ್‌ಬುಕ್ ಇದ್ದರೆ ಆರಂಭಿಸಬಹುದು.

1. ಮೊದಲು ಕಳೆದ ವರ್ಷದ ಲೆಕ್ಕ ಬರೆಯಿರಿ

ತರಬೇತಿಯಿಂದ ಲಾಭವಾಯಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಮೊದಲು ಎಷ್ಟಿತ್ತು ಎಂಬುದು ಗೊತ್ತಿರಬೇಕು. ಕಳೆದ ಏಣೆಲು ಬೆಳೆಯ, ಅಂದರೆ ಮುಂಗಾರಿನ ಭತ್ತದ ಖರ್ಚನ್ನು ಉಳುಮೆ, ಬೀಜ, ಗೊಬ್ಬರ, ನೇಜಿ (ಭತ್ತದ ಸಸಿ) ಕೀಳುವುದು ಮತ್ತು ನೆಡುವುದು, ಕಳೆ ತೆಗೆಯುವುದು, ಔಷಧಿ, ಕಟಾವು, ಸಾಗಾಟ ಎಂದು ಬೇರೆ ಬೇರೆ ಸಾಲುಗಳಲ್ಲಿ ಬರೆಯಿರಿ. ಮನೆಯವರ ದುಡಿಮೆಗೂ ಊರಿನ ಕೂಲಿಯ ದರವನ್ನೇ ಹಾಕಿ. ಇದನ್ನು ಬಿಟ್ಟರೆ ಲೆಕ್ಕ ಸುಳ್ಳು ಹೇಳುತ್ತದೆ. ಆದಾಯದ ಬದಿಯಲ್ಲಿ ಭತ್ತದ ಜೊತೆಗೆ ಬೈಹುಲ್ಲಿನ ಬೆಲೆಯೂ ಬರಲಿ. ಹೈನುಗಾರಿಕೆ ಇರುವ ಮನೆಗಳಲ್ಲಿ ಅದು ಕಡೆಗಣಿಸುವ ಮೊತ್ತವಲ್ಲ.

ಆಮೇಲೆ ಒಟ್ಟು ಖರ್ಚನ್ನು ಕ್ವಿಂಟಾಲ್‌ಗಳಿಂದ ಭಾಗಿಸಿ. ಅರ್ಥವಾಗಲೆಂದು ಒಂದು ಲೆಕ್ಕವನ್ನು ಇಟ್ಟುಕೊಳ್ಳೋಣ. ಒಂದು ಎಕರೆಗೆ 32,000 ರೂಪಾಯಿ ಖರ್ಚಾಗಿ 16 ಕ್ವಿಂಟಾಲ್ ಭತ್ತ ಬಂದಿದ್ದರೆ ಒಂದು ಕ್ವಿಂಟಾಲ್ ಬೆಳೆಯಲು 2,000 ರೂಪಾಯಿ ತಗಲಿದಂತಾಯಿತು. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 2,369 ರೂಪಾಯಿ. ಆ ದರ ಸಿಕ್ಕಿದರೆ ಎಕರೆಗೆ ಉಳಿಯುವುದು 5,904 ರೂಪಾಯಿ. ಇಳುವರಿ ಒಂದು ಸೇರೂ ಹೆಚ್ಚದೆ ಖರ್ಚು ಮಾತ್ರ 4,000 ರೂಪಾಯಿ ಇಳಿದರೆ ಉಳಿಕೆ 9,904 ರೂಪಾಯಿಗೆ ಏರುತ್ತದೆ. ಅಷ್ಟೇ ಲಾಭವನ್ನು ಇಳುವರಿಯಿಂದ ಪಡೆಯಬೇಕಾದರೆ ಸುಮಾರು 1.7 ಕ್ವಿಂಟಾಲ್ ಹೆಚ್ಚು ಬೆಳೆಯಬೇಕಾಗುತ್ತದೆ. ಕೂಲಿಯೇ ದೊಡ್ಡ ಖರ್ಚಾಗಿರುವ ನಮ್ಮ ಕರಾವಳಿಯಲ್ಲಿ ತರಬೇತಿಯ ಮೊದಲ ಗುರಿ ಖರ್ಚು ಇಳಿಸುವುದೇ ಆಗಿರಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಈ ಪಟ್ಟಿಯಲ್ಲಿ ಅತಿ ದೊಡ್ಡ ಮೊತ್ತದ ಸಾಲು ಯಾವುದೋ ಅದೇ ನೀವು ತರಬೇತಿಗೆ ಒಯ್ಯಬೇಕಾದ ಪ್ರಶ್ನೆ.

2. ದಾಖಲೆಗಳನ್ನು ಸರಿಪಡಿಸಿಕೊಳ್ಳಿ

ಬರಿಯ ತರಬೇತಿಗೆ ಹಾಜರಾಗಲು ಜಮೀನಿನ ದಾಖಲೆ ಬೇಕಾಗುವುದಿಲ್ಲ. ಆದರೆ ತರಬೇತಿಯಲ್ಲಿ ಹೇಳಿದ ಬೀಜ, ಸುಣ್ಣ, ಯಂತ್ರಗಳನ್ನು ಸಹಾಯಧನದಲ್ಲಿ ಪಡೆಯಲು ಎಫ್‌ಐಡಿ ಬೇಕು. ರಾಜ್ಯ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಪ್ರತಿ ರೈತನಿಗೆ ಕೊಡುವ ಗುರುತಿನ ಸಂಖ್ಯೆಯೇ ಎಫ್‌ಐಡಿ. ನಿಮ್ಮ ಎಲ್ಲ ಸರ್ವೆ ನಂಬರುಗಳು ಅದಕ್ಕೆ ಜೋಡಣೆಯಾಗಿರಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಇದನ್ನು ಮಾಡಿಸಬಹುದು.

ಇಲ್ಲಿ ಎಡವುವವರು ಬಹಳ. ಹಿರಿಯರ ಹೆಸರಿನಲ್ಲೇ ಉಳಿದಿರುವ ಪಹಣಿ, ಅಣ್ಣತಮ್ಮಂದಿರ ಜಂಟಿ ಖಾತೆ, ಬಾಯಿಮಾತಿನ ಮೇಲೆ ಬೇರೆಯವರ ಗದ್ದೆ ಮಾಡುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ, ಬೇಸಾಯ ಮಾಡುವವರೊಬ್ಬರು, ದಾಖಲೆಯಲ್ಲಿರುವವರು ಇನ್ನೊಬ್ಬರು ಎಂಬ ಸ್ಥಿತಿ ಇದೆ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ‘ಭತ್ತ’ ಎಂದೇ ದಾಖಲಾಗಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಅಲ್ಲಿ ತಪ್ಪಿದ್ದರೆ ಬೆಳೆ ವಿಮೆ, ಬೆಂಬಲ ಬೆಲೆಯ ನೋಂದಣಿ ಎರಡರಲ್ಲೂ ಮುಂದೆ ಅಲೆದಾಟ ತಪ್ಪುವುದಿಲ್ಲ.

3. ಯಾವ ಪ್ರಶ್ನೆಗೆ ಯಾವ ಬಾಗಿಲು

ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಯೋಜನೆಯಾಗಿ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಆರಂಭವಾಯಿತು. ಇಂದು ಉಡುಪಿ ಜಿಲ್ಲೆಯ ಕೇಂದ್ರ ಬ್ರಹ್ಮಾವರದಲ್ಲಿಯೂ ದಕ್ಷಿಣ ಕನ್ನಡದ ಕೇಂದ್ರ ಮಂಗಳೂರಿನ ಕಂಕನಾಡಿಯಲ್ಲಿಯೂ ಇದೆ. ಸಂಶೋಧನೆಯಲ್ಲಿ ಗೆದ್ದ ಪದ್ಧತಿಯನ್ನು ರೈತರ ಗದ್ದೆಯಲ್ಲಿಯೇ ಮಾಡಿ ತೋರಿಸುವುದು ಇವುಗಳ ಮುಖ್ಯ ಕೆಲಸ. ಇದಕ್ಕೆ ಮುಂಚೂಣಿ ಪ್ರಾತ್ಯಕ್ಷಿಕೆ ಎನ್ನುತ್ತಾರೆ. ಪ್ರಾತ್ಯಕ್ಷಿಕೆಗೆ ನಿಮ್ಮ ಗದ್ದೆ ಆಯ್ಕೆಯಾದರೆ ಬೀಜ ಅಥವಾ ಇತರ ಮುಖ್ಯ ಸಾಮಗ್ರಿ ಕೇಂದ್ರದಿಂದಲೇ ಸಿಗುತ್ತದೆ, ವಿಜ್ಞಾನಿಗಳು ಬೆಳೆಯನ್ನು ಬಂದು ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಸಭಾಂಗಣದ ಹತ್ತು ಉಪನ್ಯಾಸಗಳಿಗಿಂತ ಇಂತಹ ಒಂದು ಪ್ರಾತ್ಯಕ್ಷಿಕೆ ಹೆಚ್ಚು ಬೆಲೆಬಾಳುತ್ತದೆ. ಆದ್ದರಿಂದ ಕೇಂದ್ರಕ್ಕೆ ಹೋದಾಗ “ಈ ವರ್ಷ ಭತ್ತದಲ್ಲಿ ಯಾವ ಪ್ರಾತ್ಯಕ್ಷಿಕೆ ಇದೆ, ನನ್ನ ಗದ್ದೆಯನ್ನು ಸೇರಿಸಿಕೊಳ್ಳುತ್ತೀರಾ” ಎಂದು ನೇರವಾಗಿ ಕೇಳಿ.

ತಳಿ ಮತ್ತು ಬೀಜದ ಪ್ರಶ್ನೆಗಳಿಗೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವಿದೆ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಈ ಕೇಂದ್ರದಿಂದಲೇ ‘ಸಹ್ಯಾದ್ರಿ ಪಂಚಮುಖಿ’ ಎಂಬ ಕೆಂಪಕ್ಕಿಯ ತಳಿ ಬಂದಿದೆ. ನೆರೆ ನುಗ್ಗಿ ಕೆಲದಿನ ಮುಳುಗಿದರೂ ತಾಳಿಕೊಳ್ಳುವ ಗುಣ ಅದಕ್ಕಿರುವುದರಿಂದ ಹೊಳೆಬದಿಯ ಬೈಲುಗದ್ದೆಗಳವರು ಅದರ ಬಗ್ಗೆ ವಿಚಾರಿಸಬೇಕು. ನಮ್ಮಲ್ಲಿ ಮನೆಮಾತಾಗಿರುವ ಎಂಒ-4 ತಳಿ ಕೇರಳದ ಮೊಂಕೊಂಬು ಸಂಶೋಧನಾ ಕೇಂದ್ರದ್ದು. ತಗ್ಗಿನ ಬೈಲು, ನಡುಮಟ್ಟದ ಮಜಲು, ಎತ್ತರದ ಬೆಟ್ಟು ಈ ಮೂರರಲ್ಲಿ ನಿಮ್ಮ ಗದ್ದೆ ಯಾವುದು, ನೀರು ಯಾವ ತಿಂಗಳವರೆಗೆ ನಿಲ್ಲುತ್ತದೆ ಎಂಬುದನ್ನು ಹೇಳದೆ ತಳಿಯ ಸಲಹೆ ಕೇಳುವುದರಲ್ಲಿ ಅರ್ಥವಿಲ್ಲ.

ಯಂತ್ರನಾಟಿಯ ವಿಷಯದಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ಯಂತ್ರಶ್ರೀ’ ಕಾರ್ಯಕ್ರಮವೂ, ಬಾಡಿಗೆಗೆ ಯಂತ್ರಗಳನ್ನು ಒದಗಿಸುವ ಕೃಷಿ ಯಂತ್ರಧಾರೆ ಕೇಂದ್ರಗಳೂ ಇವೆ. ಅಧ್ಯಯನ ಪ್ರವಾಸ ಮತ್ತು ಕ್ಷೇತ್ರ ಪಾಠಶಾಲೆಗಳು ‘ಆತ್ಮ’ (ಕೃಷಿ ತಂತ್ರಜ್ಞಾನ ನಿರ್ವಹಣಾ ಸಂಸ್ಥೆ) ಯೋಜನೆಯಡಿ ಕೃಷಿ ಇಲಾಖೆಯ ಮೂಲಕ ನಡೆಯುತ್ತವೆ. ತುರ್ತು ಸಂದೇಹಗಳಿಗೆ ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಒಂದು ಮಾತು ಇಲ್ಲಿಯೇ ಹೇಳಬೇಕು. ನೇಜಿ ಕೀಳುವುದು, ನೆಡುವುದು, ಕಳೆ ತೆಗೆಯುವುದು, ಬೀಜ ಕಾಪಿಡುವುದು ಹೆಚ್ಚಿನ ಮನೆಗಳಲ್ಲಿ ಹೆಂಗಸರ ಕೆಲಸ. ತರಬೇತಿಗೆ ಹೋಗುವವರು ಮಾತ್ರ ಗಂಡಸರು. ಯಾವ ಕೆಲಸವನ್ನು ಕಲಿಸುತ್ತಾರೋ ಆ ಕೆಲಸವನ್ನು ಮನೆಯಲ್ಲಿ ಯಾರು ಮಾಡುತ್ತಾರೋ ಅವರೇ ಹೋಗಬೇಕು. ಬೀಜೋಪಚಾರದ ತರಬೇತಿಗೆ ಅಮ್ಮನೋ ಅತ್ತಿಗೆಯೋ ಹೋಗಿ ಬಂದ ಮನೆಯಲ್ಲಿ ಅದು ಮರುವಾರವೇ ಜಾರಿಗೆ ಬರುತ್ತದೆ.

4. ತಿಂಗಳು ತಪ್ಪಿಸಬೇಡಿ

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಮಣ್ಣು ಪರೀಕ್ಷೆಯ ಬಗ್ಗೆ ಕೇಳುವುದು, ಆಟಿಯಲ್ಲಿ (ಜುಲೈ-ಆಗಸ್ಟ್) ಯಂತ್ರನಾಟಿಯ ಬಗ್ಗೆ ಕೇಳುವುದು ತೀರಾ ಸಾಮಾನ್ಯ ತಪ್ಪುಗಳು. ಮಣ್ಣು ಪರೀಕ್ಷೆಗೆ ಫೆಬ್ರವರಿಯಿಂದ ಏಪ್ರಿಲ್, ತಳಿಯ ಆಯ್ಕೆಗೂ ಯಂತ್ರನಾಟಿಗೆ ಬೇಕಾದ ಚಾಪೆ ನೇಜಿಯ ತರಬೇತಿಗೂ ಏಪ್ರಿಲ್ ಮತ್ತು ಮೇ, ಕೀಟ ಮತ್ತು ಗೊಬ್ಬರದ ಕ್ಷೇತ್ರ ಪಾಠಶಾಲೆಗೆ ಜುಲೈ ಮತ್ತು ಆಗಸ್ಟ್, ಮಾರಾಟದ ವಿಚಾರಕ್ಕೆ ಕಟಾವಿನ ಮುಂಚಿನ ಸೆಪ್ಟೆಂಬರ್ ಸರಿಯಾದ ಕಾಲ. ಸುಗ್ಗಿ ಮತ್ತು ಕೊಳಕೆ, ಅಂದರೆ ಎರಡನೆಯ ಮತ್ತು ಮೂರನೆಯ ಬೆಳೆ ಮಾಡುವವರು ನೀರಿನ ಲೆಕ್ಕಕ್ಕೆ ತಕ್ಕಂತೆ ಇದನ್ನು ಮುಂದೂಡಿಕೊಳ್ಳಬಹುದು.

5. ಮಣ್ಣಿನ ಮಾದರಿಯನ್ನು ಸರಿಯಾಗಿ ತೆಗೆಯಿರಿ

ಪ್ರಯೋಗಾಲಯ ಎಷ್ಟೇ ಒಳ್ಳೆಯದಿದ್ದರೂ ಮಾದರಿ ಕೆಟ್ಟಿದ್ದರೆ ವರದಿಯೂ ಕೆಡುತ್ತದೆ. ಗದ್ದೆಯಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಎಂಟು ಹತ್ತು ಕಡೆ, ಮೇಲಿನ ಕಸಕಡ್ಡಿ ಸರಿಸಿ, ಸುಮಾರು 15 ಸೆಂಟಿಮೀಟರ್ ಆಳಕ್ಕೆ ಇಂಗ್ಲಿಷಿನ ‘ವಿ’ ಆಕಾರದ ಗುಂಡಿ ತೆಗೆದು, ಅದರ ಬದಿಯಿಂದ ಮೇಲಿನಿಂದ ಕೆಳಗಿನವರೆಗೂ ಒಂದೇ ದಪ್ಪದ ಪದರವನ್ನು ಕೆತ್ತಿ ತೆಗೆಯಿರಿ. ಎಲ್ಲವನ್ನೂ ಶುಭ್ರವಾದ ಬಟ್ಟೆಯ ಮೇಲೆ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲುಗಳನ್ನು ಬಿಟ್ಟು, ಉಳಿದುದನ್ನು ಮತ್ತೆ ಬೆರೆಸಿ ಹಾಗೆಯೇ ಪಾಲು ಮಾಡುತ್ತಾ ಅರ್ಧ ಕಿಲೋ ಉಳಿಯುವವರೆಗೆ ಬನ್ನಿ. ನೆರಳಿನಲ್ಲಿ ಒಣಗಿಸಿ ಕೊಡಿ.

ಕಟ್ಟಪುಣಿಯ (ಗದ್ದೆಯ ಬದುವಿನ) ಬದಿ, ಹಟ್ಟಿಗೊಬ್ಬರ ರಾಶಿ ಹಾಕಿದ್ದ ಜಾಗ, ಮರದ ಬುಡ, ಸುಡುಮಣ್ಣು ಮಾಡಿದ ಜಾಗ ಇವುಗಳಿಂದ ಮಣ್ಣು ತೆಗೆಯಬಾರದು. ಗೊಬ್ಬರದ ಖಾಲಿ ಚೀಲದಲ್ಲಿ ಮಾದರಿಯನ್ನು ತುಂಬಿಸಲೇಬಾರದು. ಬೈಲುಗದ್ದೆಯ ಮತ್ತು ಬೆಟ್ಟುಗದ್ದೆಯ ಮಣ್ಣನ್ನು ಒಟ್ಟಿಗೆ ಬೆರೆಸಿ ಒಂದೇ ಮಾದರಿಯಾಗಿ ಕೊಡುವವರಿದ್ದಾರೆ. ಆ ವರದಿ ಎರಡೂ ಗದ್ದೆಗೆ ಉಪಯೋಗಕ್ಕೆ ಬರುವುದಿಲ್ಲ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಡಿ 12 ಅಂಶಗಳ ವರದಿ ಬರುತ್ತದೆ. ನಮ್ಮವರು ಮೊದಲು ನೋಡಬೇಕಾದದ್ದು ರಸಸಾರ, ಅಂದರೆ ಮಣ್ಣು ಹುಳಿಯೋ ಕ್ಷಾರವೋ ಎಂಬುದನ್ನು ತೋರಿಸುವ ಅಂಕಿ. 7 ಎಂದರೆ ಎರಡೂ ಅಲ್ಲ, ಅದಕ್ಕಿಂತ ಕೆಳಗೆ ಹುಳಿ. ಭಾರೀ ಮಳೆ ಸುಣ್ಣದಂಶವನ್ನು ತೊಳೆದುಕೊಂಡು ಹೋಗುವುದರಿಂದ ಕರಾವಳಿಯ ಜಂಬಿಟ್ಟಿಗೆ ಮಣ್ಣು ಹುಳಿಯಾಗಿರುತ್ತದೆ. ಅಂತಹ ಮಣ್ಣಿನಲ್ಲಿ ರಂಜಕ ಕಬ್ಬಿಣ ಮತ್ತು ಅಲ್ಯುಮಿನಿಯಮ್‌ಗೆ ಅಂಟಿಕೊಂಡು ಬೇರಿಗೆ ಸಿಗದೆ ಹೋಗುತ್ತದೆ. ಆಗ ಸುಣ್ಣ ಹಾಕದೆ ಗೊಬ್ಬರವನ್ನು ಮಾತ್ರ ಹೆಚ್ಚಿಸುವುದು ಹಣ ಹಾಳು. ವರದಿಯಲ್ಲಿ ಹೇಳಿದಷ್ಟೇ ಸುಣ್ಣವನ್ನು ನಾಟಿಗೆ ಎರಡು ಮೂರು ವಾರ ಮುಂಚೆ ಹಾಕಿ ಮಣ್ಣಿಗೆ ಸೇರಿಸಬೇಕು. ಯೂರಿಯಾದ ಜೊತೆ ಸುಣ್ಣ ಬೆರೆಸಿದರೆ ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ.

ವರದಿ ಪೋಷಕಾಂಶದ ಕಿಲೋಗಳಲ್ಲಿ ಮಾತನಾಡುತ್ತದೆ, ಅಂಗಡಿ ಚೀಲಗಳಲ್ಲಿ ಮಾತನಾಡುತ್ತದೆ. ಈ ಎರಡರ ನಡುವೆ ಲೆಕ್ಕ ತಪ್ಪುತ್ತದೆ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಡಿಎಪಿಯಲ್ಲಿ 18 ಪಾಲು ಸಾರಜನಕ, 46 ಪಾಲು ರಂಜಕ. ಎಕರೆಗೆ 24 ಕಿಲೋ ಸಾರಜನಕ ಎಂದು ವರದಿ ಹೇಳಿದರೆ ಬರಿಯ ಯೂರಿಯಾದಿಂದ 52 ಕಿಲೋ ಬೇಕಾಗುತ್ತದೆ. ಆದರೆ ಈಗಾಗಲೇ 50 ಕಿಲೋ ಡಿಎಪಿ ಹಾಕಿದ್ದರೆ ಅದರಿಂದಲೇ 9 ಕಿಲೋ ಸಾರಜನಕ ಬಂದಿರುವುದರಿಂದ ಇನ್ನು ಸುಮಾರು 33 ಕಿಲೋ ಯೂರಿಯಾ ಸಾಕು. ತರಬೇತಿಯಲ್ಲಿ ಕುಳಿತಾಗ ನಿಮ್ಮ ಕಾರ್ಡನ್ನೇ ಮುಂದಿಟ್ಟು ಈ ಲೆಕ್ಕವನ್ನು ಮಾಡಿಸಿಕೊಳ್ಳಿ.

6. ಚಾಪೆ ನೇಜಿ ಮತ್ತು ಯಂತ್ರನಾಟಿ

ಕರಾವಳಿಯಲ್ಲಿ ಖರ್ಚು ಇಳಿಸುವ ತರಬೇತಿಗಳಲ್ಲಿ ಇದೇ ಮುಖ್ಯವಾದದ್ದು, ಕೆಡುವುದೂ ಇದರಲ್ಲಿಯೇ ಹೆಚ್ಚು. ನಾಟಿ ಯಂತ್ರಕ್ಕೆ ಗದ್ದೆಯ ಮಡಿಯಲ್ಲಿ ಬೆಳೆಸಿದ ನೇಜಿ ಆಗುವುದಿಲ್ಲ. ಟ್ರೇಗಳಲ್ಲಿ ತೆಳುವಾದ ಮಣ್ಣಿನ ಪದರದ ಮೇಲೆ ಒತ್ತಾಗಿ ಬಿತ್ತಿ, ಬೇರುಗಳು ಹೆಣೆದುಕೊಂಡು ಚಾಪೆಯಂತೆ ಎದ್ದು ಬರುವ ನೇಜಿ ಬೇಕು. ಎಕರೆಗೆ ಸುಮಾರು 80ರಿಂದ 100 ಟ್ರೇ, 15ರಿಂದ 20 ಕಿಲೋ ಬೀಜ ಸಾಕಾಗುತ್ತದೆ.

ಮೊದಲ ಎಚ್ಚರಿಕೆ ಮಣ್ಣಿನದು. ಟ್ರೇಗೆ ಬೇಕಾದ ಮಣ್ಣನ್ನು ಏಪ್ರಿಲ್ ಮೇ ತಿಂಗಳಲ್ಲಿಯೇ ಒಣಗಿದ್ದಾಗ ಜರಡಿ ಹಿಡಿದು, ಹುಡಿಯಾದ ಗೊಬ್ಬರವನ್ನು ಸ್ವಲ್ಪ ಸೇರಿಸಿ, ಮಳೆ ತಾಗದ ಜಾಗದಲ್ಲಿ ಚೀಲ ಕಟ್ಟಿ ಇಡಿ. ಜೂನ್‌ನಲ್ಲಿ ಒದ್ದೆ ಮಣ್ಣು ಜರಡಿಯಲ್ಲಿ ಇಳಿಯುವುದಿಲ್ಲ. ಮುರಕಲ್ಲಿನ ಹರಳುಗಳು ಉಳಿದುಕೊಂಡರೆ ಯಂತ್ರದ ನೆಡುವ ಬೆರಳುಗಳಿಗೆ ಸಿಕ್ಕಿಕೊಳ್ಳುತ್ತವೆ.

ಬೀಜವನ್ನು ಉಪ್ಪುನೀರಿನಲ್ಲಿ ಹಾಕಿ ಆರಿಸಿ. ಹಸಿ ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿದ ನೀರಿಗೆ ಬೀಜ ಸುರಿದರೆ ಜೊಳ್ಳು ಮೇಲೆ ಬರುತ್ತದೆ, ಗಟ್ಟಿ ಕಾಳು ತಳದಲ್ಲಿ ನಿಲ್ಲುತ್ತದೆ. ತಳದ ಕಾಳನ್ನು ಕೂಡಲೇ ಶುದ್ಧ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು. ಉಪ್ಪು ಉಳಿದರೆ ಮೊಳಕೆ ಕೆಡುತ್ತದೆ. ಆಮೇಲೆ ಒಂದು ಹಗಲು ರಾತ್ರಿ ನೆನೆಸಿ, ಇನ್ನೊಂದು ಹಗಲು ರಾತ್ರಿ ಗೋಣಿಯಲ್ಲಿ ಕಟ್ಟಿಟ್ಟು ಮೊಳಕೆ ತರಿಸಿ. ಮೊಳಕೆ ಈಗಷ್ಟೇ ಬಿಳಿಯಾಗಿ ಇಣುಕುತ್ತಿರುವಾಗಲೇ ಬಿತ್ತಬೇಕು. ಉದ್ದವಾದರೆ ಮೊಳಕೆಗಳು ಒಂದಕ್ಕೊಂದು ತೊಡರಿ, ಬಿತ್ತುವಾಗ ಮುರಿದು, ಟ್ರೇಯಲ್ಲಿ ಖಾಲಿ ಜಾಗಗಳಾಗುತ್ತವೆ. ಟ್ರೇಯ ಖಾಲಿ ಜಾಗ ನಾಳೆ ಗದ್ದೆಯ ಸಾಲಿನಲ್ಲಿಯೂ ಖಾಲಿಯಾಗಿಯೇ ಕಾಣುತ್ತದೆ.

ನೇಜಿಗೆ 14ರಿಂದ 18 ದಿನ ಆದಾಗ ನಾಟಿಗೆ ಹದ. ಒಂದು ಮೂಲೆಯನ್ನು ಹಿಡಿದು ಚಾಪೆಯನ್ನು ಎತ್ತಿ ನೋಡಿ. ಅಡಿಯಲ್ಲಿ ಬಿಳಿಯ ಬೇರುಗಳು ಬಲೆಯಾಗಿ ಹರಡಿದ್ದು, ಚಾಪೆ ಹರಿಯದೆ ಸುರುಳಿ ಸುತ್ತಲು ಬಂದರೆ ಸರಿ. ಮೂಲೆ ಕಿತ್ತು ಕೈಗೆ ಬಂದರೆ ಒಂದೆರಡು ದಿನ ಕಾಯಿರಿ. ಯಂತ್ರ ಸಿಗಲಿಲ್ಲವೆಂದು 25 ದಿನ ದಾಟಿದ ಚಾಪೆಯನ್ನು ಯಂತ್ರಕ್ಕೆ ಹಾಕುವುದು ಬೇಡ. ಉದ್ದವಾದ ನೇಜಿ ಬೆರಳಿಗೆ ಸುತ್ತಿಕೊಳ್ಳುತ್ತದೆ, ನೆಟ್ಟ ಮೇಲೂ ತೆಂಡೆ (ಬುಡದ ಮರಿಕವಲು) ಕಡಿಮೆ ಒಡೆಯುತ್ತದೆ. ಆದ್ದರಿಂದ ಯಂತ್ರದ ದಿನವನ್ನು ಗೊತ್ತುಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸಿ ಬಿತ್ತನೆಯ ದಿನವನ್ನು ನಿಶ್ಚಯಿಸಬೇಕು.

ಗದ್ದೆಯ ಹದವನ್ನು ಯಾವ ಕರಪತ್ರವೂ ಸರಿಯಾಗಿ ಕಲಿಸಲಾರದು, ಗದ್ದೆಗೆ ಇಳಿದೇ ಕಲಿಯಬೇಕು. ಕೆಸರು ಉತ್ತು ಸಮ ಮಾಡಿದ ಮೇಲೆ ಮಣ್ಣು ಕೂರಲು ಬಿಡಬೇಕು. ಮರಳು ಮಿಶ್ರಿತ ಮಣ್ಣಿಗೆ ಒಂದು ದಿನ, ಜೇಡಿಯ ಬೈಲಿಗೆ ಎರಡು ದಿನ. ಬೆರಳಿನಿಂದ ಕೆಸರಿನ ಮೇಲೆ ಗೆರೆ ಎಳೆದು ನೋಡಿ. ಗೆರೆ ಕೂಡಲೇ ಮುಚ್ಚಿಕೊಂಡರೆ ಮಣ್ಣು ಇನ್ನೂ ಸಡಿಲ, ನೇಜಿ ತೇಲುತ್ತದೆ. ಮುಚ್ಚಿಕೊಳ್ಳದೆ ಹಾಗೆಯೇ ನಿಂತರೆ ಗಟ್ಟಿಯಾಗಿದೆ, ಬೇರು ಇಳಿಯುವುದಿಲ್ಲ. ನಿಧಾನವಾಗಿ ಮುಚ್ಚಿಕೊಂಡರೆ ಹದ. ನಾಟಿಯ ಹೊತ್ತಿಗೆ ನೀರು ಒಂದೆರಡು ಸೆಂಟಿಮೀಟರ್ ಮಾತ್ರ ಇರಲಿ. ಜೋರು ಮಳೆ ಬಂದರೆ ನೀರು ಹೊರಹೋಗಲು ಕಟ್ಟಪುಣಿಯಲ್ಲಿ ದಾರಿ ಮೊದಲೇ ಮಾಡಿಡಿ.

ಸಣ್ಣ ಮೆಟ್ಟಿಲುಗದ್ದೆಗಳಲ್ಲಿ ಯಂತ್ರ ತಿರುಗಿಸುವುದಕ್ಕೇ ಅರ್ಧ ಸಮಯ ಹೋಗುತ್ತದೆ ಎಂಬ ದೂರು ನ್ಯಾಯವಾದದ್ದು. ಅಂತಹ ಕಡೆ ಒಂದೇ ಬೈಲಿನ ನಾಲ್ಕೈದು ಮನೆಯವರು ಸೇರಿ ಒಂದೇ ವಾರದಲ್ಲಿ ನಾಟಿ ಗೊತ್ತುಮಾಡಿಕೊಂಡರೆ ಯಂತ್ರದ ಸಾಗಾಟದ ಖರ್ಚು ಹಂಚಿಹೋಗುತ್ತದೆ. ಯಂತ್ರ ಇಳಿಯದ ಗದ್ದೆಯಲ್ಲಿ ಹಗ್ಗ ಹಿಡಿದು ಸಾಲುನಾಟಿ ಮಾಡಿದರೂ ಕೋನೋ ವೀಡರ್, ಅಂದರೆ ಸಾಲಿನ ನಡುವೆ ತಳ್ಳಿಕೊಂಡು ಹೋಗುವ ಕಳೆ ತೆಗೆಯುವ ಸಾಧನವನ್ನು ಬಳಸಬಹುದು. ಕಳೆಯ ಕೂಲಿ ಉಳಿಯುವುದು ಅಲ್ಲಿ.

7. ಗದ್ದೆಯನ್ನು ಓದಲು ಕಲಿಯಿರಿ: ಕ್ಷೇತ್ರ ಪಾಠಶಾಲೆ

ಕ್ಷೇತ್ರ ಪಾಠಶಾಲೆ ಎಂದರೆ ಇಪ್ಪತ್ತು ಇಪ್ಪತ್ತೈದು ರೈತರು ಒಂದು ಹಂಗಾಮಿನ ಉದ್ದಕ್ಕೂ ಒಂದೇ ಗದ್ದೆಯಲ್ಲಿ ಮತ್ತೆ ಮತ್ತೆ ಸೇರಿ ಬೆಳೆಯನ್ನು ಗಮನಿಸಿ ತೀರ್ಮಾನ ಮಾಡುವ ಪದ್ಧತಿ. ಇದು 1989ರಲ್ಲಿ ಇಂಡೊನೇಷ್ಯಾದ ಭತ್ತದ ಗದ್ದೆಗಳಲ್ಲಿ, ಕಂದು ಜಿಗಿಹುಳುವಿನ ಕಾಟಕ್ಕೆ ಉತ್ತರವಾಗಿ ಆರಂಭವಾಯಿತು. ಅಲ್ಲಿ ಕಲಿತ ಪಾಠ ನಮಗೂ ಅನ್ವಯಿಸುತ್ತದೆ: ಬೇಗ ಬೇಗ ಔಷಧಿ ಹೊಡೆದರೆ ಜಿಗಿಹುಳುವನ್ನು ತಿನ್ನುವ ಜೇಡಗಳು ಮೊದಲು ಸಾಯುತ್ತವೆ, ಜಿಗಿಹುಳು ಮತ್ತೆ ಇಮ್ಮಡಿಯಾಗಿ ಏಳುತ್ತದೆ.

ನಾಟಿಯ ಮೊದಲ 30 ದಿನಗಳಲ್ಲಿ ಎಲೆಗಳು ಅಲ್ಲಲ್ಲಿ ತೂತಾದುದನ್ನು ಕಂಡು ಅಂಗಡಿಗೆ ಓಡಬೇಡಿ. ಆ ವಯಸ್ಸಿನ ಪೈರು ಹೊಸ ತೆಂಡೆ ಒಡೆದು ಅದನ್ನು ತುಂಬಿಕೊಳ್ಳುತ್ತದೆ. ವಾರಕ್ಕೊಮ್ಮೆ ಗದ್ದೆಯ ಒಳಗೆ ಇಳಿದು ಪೈರನ್ನು ಎರಡು ಕೈಗಳಿಂದ ಸರಿಸಿ, ನೀರಿಗೆ ತಾಗುವ ಬುಡವನ್ನು ನೋಡಿ. ಜಿಗಿಹುಳು ಇರುವುದು ಅಲ್ಲಿ, ಪುಣಿಯ ಮೇಲೆ ನಿಂತವರಿಗೆ ಅದು ಕಾಣುವುದಿಲ್ಲ. ಒಂದು ಬುಡಕ್ಕೆ 5ರಿಂದ 10 ಹುಳುಗಳಿಗಿಂತ ಕಡಿಮೆ ಇದ್ದರೆ ನೀರು ಬಸಿದು ಕಾಯಬಹುದು. ಹೆಚ್ಚಿದ್ದರೆ ಮಾತ್ರ ಔಷಧಿಯ ಸಲಹೆ ಪಡೆಯಿರಿ. ಈ ಮಿತಿಯನ್ನು ಆರ್ಥಿಕ ಹಾನಿಯ ಮಟ್ಟ ಎನ್ನುತ್ತಾರೆ: ಔಷಧಿಯ ಖರ್ಚಿಗಿಂತ ಬೆಳೆಯ ನಷ್ಟ ಹೆಚ್ಚಾಗುವ ಬಿಂದು.

ಯೂರಿಯಾ ಮೇಲುಗೊಬ್ಬರಕ್ಕೆ ಎಲೆ ವರ್ಣಪಟ್ಟಿಯನ್ನು ಬಳಸಲು ಇಲ್ಲಿಯೇ ಕಲಿಯಿರಿ. ತಿಳಿಹಸಿರಿನಿಂದ ಕಡುಹಸಿರಿನವರೆಗೆ ಬಣ್ಣದ ಪಟ್ಟೆಗಳಿರುವ ಪ್ಲಾಸ್ಟಿಕ್ ಅಳತೆಪಟ್ಟಿ ಅದು. ಪೂರ್ತಿ ಬಿಚ್ಚಿಕೊಂಡ ಮೇಲಿನ ಎಲೆಯ ನಡುಭಾಗವನ್ನು ಅದರ ಮೇಲೆ ಇಟ್ಟು, ನಿಮ್ಮ ಮೈಯ ನೆರಳಿನಲ್ಲಿ, ಪ್ರತಿ ಸಲವೂ ಒಂದೇ ಹೊತ್ತಿನಲ್ಲಿ, ಒಬ್ಬರೇ ನೋಡಬೇಕು. ಹತ್ತು ಎಲೆಗಳಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ನಿಮ್ಮ ತಳಿಗೆ ಹೇಳಿದ ಬಣ್ಣಕ್ಕಿಂತ ತಿಳಿಯಾಗಿದ್ದರೆ ಯೂರಿಯಾ ಬೇಕು, ಇಲ್ಲದಿದ್ದರೆ ಬೇಡ. ಬೇಕೆಂದು ಕಂಡರೂ ಮೋಡ ಕವಿದು ಜಡಿಮಳೆ ಹಿಡಿದಿರುವಾಗ ಹಾಕಬಾರದು, ಯೂರಿಯಾ ಕರಗಿ ತೋಡಿನ ಪಾಲಾಗುತ್ತದೆ. ನೀರು ಇಳಿಸಿ, ಬಿಡುವು ನೋಡಿ ಹಾಕಿ.

8. ಒಂದು ಗದ್ದೆ ಹೊಸತು, ಒಂದು ಗದ್ದೆ ಹಳತು

ತರಬೇತಿಯಿಂದ ಬಂದ ಉತ್ಸಾಹದಲ್ಲಿ ಇಡೀ ಜಮೀನಿನಲ್ಲಿ ಹೊಸ ಪದ್ಧತಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ಮಣ್ಣು, ನೀರು ಒಂದೇ ತೆರನಾಗಿರುವ ಎರಡು ಗದ್ದೆಗಳನ್ನು ಆರಿಸಿ, ಒಂದರಲ್ಲಿ ಹೊಸ ಕ್ರಮ, ಇನ್ನೊಂದರಲ್ಲಿ ನಿಮ್ಮ ಹಿಂದಿನ ಕ್ರಮವನ್ನು ಅನುಸರಿಸಿ. ಒಮ್ಮೆಗೆ ಒಂದನ್ನೇ ಬದಲಾಯಿಸಿ. ತಳಿ, ನಾಟಿ, ಗೊಬ್ಬರ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಲಾಭ ಯಾವುದರಿಂದ ಬಂತು ಎಂದು ಯಾರೂ ಹೇಳಲಾರರು.

ಕಟಾವಿನ ಮುನ್ನ ಎರಡೂ ಗದ್ದೆಗಳಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕವನ್ನು ಹಗ್ಗ ಕಟ್ಟಿ ಗುರುತಿಸಿ, ಕೈಯಿಂದ ಕೊಯ್ದು, ಬಡಿದು ತೂಗಿ. ಪುಣಿಯ ಬದಿಯ ಪೈರಿಗೆ ಬಿಸಿಲು ಹೆಚ್ಚು ಸಿಗುವುದರಿಂದ ಚೌಕ ಗದ್ದೆಯ ಒಳಭಾಗದಲ್ಲಿರಲಿ. ಎಕರೆ ಎಂದರೆ 4,047 ಚದರ ಮೀಟರ್, ಆದ್ದರಿಂದ ಈ ತೂಕವನ್ನು 162ರಿಂದ ಗುಣಿಸಿದರೆ ಎಕರೆಯ ಇಳುವರಿ. ಹತ್ತು ಕಿಲೋ ಬಂದಿದ್ದರೆ ಎಕರೆಗೆ 16.2 ಕ್ವಿಂಟಾಲ್. ಆದರೆ ಅದು ಹಸಿ ಭತ್ತ. ತೇವಾಂಶ ನೂರಕ್ಕೆ 22 ಇದ್ದರೆ 10 ಕಿಲೋವನ್ನು 78ರಿಂದ ಗುಣಿಸಿ 86ರಿಂದ ಭಾಗಿಸಿ. 14 ತೇವಾಂಶಕ್ಕೆ ಒಣಗಿದಾಗ 9.07 ಕಿಲೋ, ಎಕರೆಗೆ ಸುಮಾರು 14.7 ಕ್ವಿಂಟಾಲ್ ಮಾತ್ರ. ಹಸಿ ತೂಕವನ್ನೇ ಹಿಡಿದು ಹೊಸ ಪದ್ಧತಿಯನ್ನು ಹೊಗಳುವುದೂ ತೆಗಳುವುದೂ ಮೋಸಹೋಗುವ ದಾರಿ.

ಇಳುವರಿ ಸಿಕ್ಕಿದ ಮೇಲೆ ಮೊದಲ ಹಂತದ ಖರ್ಚಿನ ಪಟ್ಟಿಯನ್ನು ಎರಡೂ ಗದ್ದೆಗಳಿಗೆ ಬೇರೆ ಬೇರೆಯಾಗಿ ಬರೆದು, ಕ್ವಿಂಟಾಲಿಗೆ ಎಷ್ಟು ಖರ್ಚಾಯಿತು ಎಂಬುದನ್ನು ಹೋಲಿಸಿ. ಹೊಸ ಗದ್ದೆಯಲ್ಲಿ ಇಳುವರಿ ತುಸು ಕಡಿಮೆ ಬಂದು ಖರ್ಚು ಬಹಳ ಇಳಿದಿದ್ದರೆ ಆ ಪದ್ಧತಿ ಗೆದ್ದಿದೆ ಎಂದೇ ಅರ್ಥ.

9. ಮಾರಾಟವನ್ನೂ ಕಲಿಕೆಯ ಭಾಗವಾಗಿಸಿ

ಬೆಂಬಲ ಬೆಲೆಗೆ ಕೊಡುವ ಭತ್ತದಲ್ಲಿ ತೇವಾಂಶ ನೂರಕ್ಕೆ 17ನ್ನು ಮೀರಬಾರದು. ನಮ್ಮಲ್ಲಿ ಏಣೆಲು ಬೆಳೆಯ ಕಟಾವು ನಡೆಯುವಾಗ ಹಿಂಗಾರಿನ ಮಳೆ ಮಧ್ಯಾಹ್ನದ ಮೇಲೆ ಅಂಗಳಕ್ಕೆ ಬರುತ್ತದೆ. ಖರೀದಿ ಕೇಂದ್ರ ಇನ್ನೂ ತೆರೆದಿಲ್ಲವೆಂದೂ ಒಣಗಿಸಲು, ದಾಸ್ತಾನಿಡಲು ಜಾಗವಿಲ್ಲವೆಂದೂ ಕಟಾವು ಯಂತ್ರದ ಬದಿಯಿಂದಲೇ ಹಸಿ ಭತ್ತವನ್ನು ಲಾರಿಗೆ ತುಂಬಿಸುವ ಪರಿಸ್ಥಿತಿ ಅನೇಕರದು. ಇದು ರೈತರ ಅಜ್ಞಾನವಲ್ಲ, ಅವರ ಅನಿವಾರ್ಯತೆ. ಆ ಅನಿವಾರ್ಯತೆಯನ್ನು ಕಡಿಮೆ ಮಾಡುವ ಕಲಿಕೆಯೇ ಕೊಯ್ಲೋತ್ತರ ತರಬೇತಿ. ಒಣಗಿಸುವಿಕೆ, ತೇವಾಂಶ ಮಾಪಕದ ಬಳಕೆ, ದಾಸ್ತಾನು, ಕುಚ್ಚಲಕ್ಕಿ ಮಾಡಿಸಿ ಚೀಲ ಕಟ್ಟಿ ಮಾರುವುದು ಇವುಗಳ ಬಗ್ಗೆ ತರಬೇತಿ ಕೇಳಿ. ಅಕ್ಕಿ ಮಾಡಿ ಮಾರುವವರು ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಬೇಕು. ಉಡುಪಿಯಲ್ಲಿ 2021ರಲ್ಲಿ ನಡೆದ ಹಡಿಲು ಭೂಮಿ ಕೃಷಿ ಆಂದೋಲನದಲ್ಲಿ, ವರ್ಷಗಟ್ಟಲೆ ಪಾಳುಬಿದ್ದಿದ್ದ ಗದ್ದೆಗಳ ಭತ್ತ ‘ಉಡುಪಿ ಕೇದಾರ ಕಜೆ’ ಎಂಬ ಹೆಸರಿನ ಕೆಂಪು ಕುಚ್ಚಲಕ್ಕಿಯಾಗಿ ಮಾರುಕಟ್ಟೆಗೆ ಬಂತು. ಊರಿನ ಹೆಸರು ಹೊತ್ತ ಕಜೆ ಅಕ್ಕಿಯನ್ನು ಹುಡುಕಿಕೊಂಡು ಬರುವ ಗಿರಾಕಿಗಳು ಇದ್ದಾರೆ. ಒಬ್ಬಂಟಿಯಾಗಿ ಅವರನ್ನು ತಲುಪುವುದು ಕಷ್ಟವಾದರೆ ರೈತ ಉತ್ಪಾದಕ ಕಂಪನಿ, ಅಂದರೆ ರೈತರೇ ಪಾಲುದಾರರಾಗಿ ಒಟ್ಟಾಗಿ ಕೊಳ್ಳುವ, ಮಾರುವ ಸಂಸ್ಥೆಯನ್ನು ಸೇರುವ ಬಗ್ಗೆ ವಿಚಾರಿಸಿ.

10. ಲೆಕ್ಕವನ್ನು ಹಿಂತಿರುಗಿ ಒಯ್ಯಿರಿ

ಕೃಷಿ ವಿಜ್ಞಾನ ಕೇಂದ್ರಗಳಿಗೆ ವೈಜ್ಞಾನಿಕ ಸಲಹಾ ಸಮಿತಿ ಎಂಬುದಿದ್ದು, ಮುಂದಿನ ವರ್ಷ ಯಾವ ತರಬೇತಿ, ಯಾವ ಪ್ರಾತ್ಯಕ್ಷಿಕೆ ಎಂಬ ಕ್ರಿಯಾ ಯೋಜನೆ ಅಲ್ಲಿ ಚರ್ಚೆಗೆ ಬರುತ್ತದೆ. ಅದರಲ್ಲಿ ರೈತರ ಪ್ರತಿನಿಧಿಗಳೂ ಇರುತ್ತಾರೆ. ಎರಡು ಗದ್ದೆಗಳ ಹೋಲಿಕೆಯನ್ನು ಒಂದೇ ಹಾಳೆಯಲ್ಲಿ ಬರೆದು, ಯೋಜನೆ ಸಿದ್ಧವಾಗುವ ಮುನ್ನ ಕೇಂದ್ರದ ಮುಖ್ಯಸ್ಥರಿಗೂ ನಿಮ್ಮ ಭಾಗದ ರೈತ ಪ್ರತಿನಿಧಿಗೂ ಕೊಡಿ. ಸೋತದ್ದಿದ್ದರೆ ಅದನ್ನೂ ಬರೆಯಿರಿ: ಗದ್ದೆ ಬೈಲೋ ಬೆಟ್ಟೋ, ನಾಟಿಯ ದಿನ, ಮಳೆ ಬಂದ ದಿನ, ನೇಜಿಯ ವಯಸ್ಸು. ನವಿಲು ಮತ್ತು ಕಾಡುಹಂದಿಯ ಕಾಟ, ಸಣ್ಣ ಗದ್ದೆಗೆ ಹೊಂದುವ ಯಂತ್ರ, ಮಳೆಯಲ್ಲಿ ಭತ್ತ ಒಣಗಿಸುವ ವ್ಯವಸ್ಥೆ ಇವುಗಳಲ್ಲಿ ಯಾವುದು ನಿಮಗೆ ಮೊದಲು ಬೇಕೋ ಅದನ್ನು ಅದೇ ಹಾಳೆಯ ಕೆಳಗೆ ಬೇಡಿಕೆಯಾಗಿ ನಮೂದಿಸಿ, ಸ್ವೀಕೃತಿ ಪಡೆದುಕೊಳ್ಳಿ.